ಪುಣೆಯ ಟೇಕಡಿ ಬೋಳುಗುಡ್ಡವಲ್ಲ

ಬೆಂಗಳೂರು, ಮೈಸೂರು ಕಡೆಯಿಂದ ಪುಣೆಗೆ ಬಂದು ನೆಲೆಸಿದವರು ಇಲ್ಲಿನ ಟೇಕಡಿಗಳನ್ನು, ಅಂದರೆ ಊರ ನಡುವಿನ ಗುಡ್ಡಗಳನ್ನು, ನೋಡಿದೊಡನೆ ಹೇಳುವುದು ಒಂದೇ ಮಾತು: "ಎಷ್ಟು ಬೋಳಾಗಿದೆ, ನಾಲ್ಕು ಗಿಡ ನೆಡಬಾರದೇ?" ಒಳ್ಳೆಯ ಮನಸ್ಸಿನಿಂದಲೇ ಬಂದ ಮಾತು. ಆದರೆ ನಮ್ಮ ಕಣ್ಣನ್ನು ಪಳಗಿಸಿರುವುದು ಲಾಲ್‌ಬಾಗ್. 1760ರಲ್ಲಿ ಹೈದರಾಲಿ ಶುರುಮಾಡಿದ ತೋಟ ಇವತ್ತು 240 ಎಕರೆ ಇದೆ. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್, ಒಂದು ಜಾತಿಯ ಹೂ ಉದುರುವಾಗ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಮರಗಳನ್ನು ಆರಿಸಿದರು. ಹಾಗೆ ವರ್ಷವಿಡೀ ಹೂ ಕಂಡು ಬೆಳೆದವರಿಗೆ ಹುಲ್ಲಿನ ಇಳಿಜಾರು ಖಾಲಿ ಜಾಗದಂತೆ ಕಾಣುವುದು ಸಹಜ. ಅದೇ ಲಾಲ್‌ಬಾಗಿನ ನಡುವೆ ಸುಮಾರು 300 ಕೋಟಿ ವರ್ಷ ಹಳೆಯ ಬಂಡೆಯಿದೆ. ಅದರ ಮೇಲೆ ಗಿಡ ನೆಡಿ ಎಂದು ಯಾರೂ ಕೇಳುವುದಿಲ್ಲ. ಆ ಮರ್ಯಾದೆ ಪುಣೆಯ ಕಪ್ಪುಕಲ್ಲಿನ ಗುಡ್ಡಗಳಿಗೂ ಸಿಗಬೇಕು.

ವೇತಾಳ ಟೇಕಡಿ ಪುಣೆ ನಗರದಲ್ಲೇ ಎತ್ತರದ ಜಾಗ, ಸಮುದ್ರಮಟ್ಟದಿಂದ ಸುಮಾರು 800 ಮೀಟರ್. ಊರು ಇರುವುದು 560ರ ಆಸುಪಾಸಿನಲ್ಲಿ. ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ಹರಿದ ಲಾವಾದ ಕಲ್ಲು, ಅದರ ಮೇಲೆ ಮುರುಮು ಎನ್ನುವ ಸವೆದ ಪುಡಿಗಲ್ಲು, ಅದಕ್ಕೂ ಮೇಲೆ ಕೆಲವೇ ಇಂಚು ಮಣ್ಣು. ಇಷ್ಟು ತೆಳುವಾದ ಮಣ್ಣಿಗೆ ಹೇಳಿಮಾಡಿಸಿದ ಬೆಳೆ ಹುಲ್ಲೇ. ನಡುನಡುವೆ ದಿಂಡಿಗ, ಮುತ್ತುಗ, ಸಾಲಯಿ ಎನ್ನುವ ಧೂಪದ ಮರ ದೂರದೂರ ನಿಂತಿರುತ್ತವೆ. ನೆಲಗುಬ್ಬಿ, ನತ್ತಿಂಗದಂಥ ಹಕ್ಕಿಗಳು ಮೊಟ್ಟೆ ಇಡುವುದು ನೆಲದ ಮೇಲೆ; ಅವಕ್ಕೆ ಬೇಕಿರುವುದು ಬಯಲು.

ಮಳೆಗಾಲದಲ್ಲಿ ಸಡಗರದಿಂದ ನಡೆಯುವ ವೃಕ್ಷಾರೋಪಣ ಇಲ್ಲಿ ಏನು ಮಾಡುತ್ತದೆ ನೋಡಿ. ಒಂದೂವರೆ ಅಡಿ ಗುಂಡಿ ತೋಡುವಷ್ಟರಲ್ಲಿ ಹಾರೆ ಕಲ್ಲಿಗೆ ತಾಗುತ್ತದೆ. ಜುಲೈಯಲ್ಲಿ ಆ ಗುಂಡಿಯಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ, ಉಳಿದದ್ದು ಏಪ್ರಿಲ್‌ನಲ್ಲಿ ಒಣಗುತ್ತದೆ, ಟ್ಯಾಂಕರ್ ನೀರು ಹೊಯ್ದರಷ್ಟೇ ಬದುಕು. ಅಗೆದು ಹರಡಿದ ಮಣ್ಣಿನಲ್ಲಿ ಮೊದಲು ಏಳುವುದು ಕಾಂಗ್ರೆಸ್ ಗಿಡ. ಈ ಕಳೆ 1950ರ ದಶಕದಲ್ಲಿ ಜನರ ಕಣ್ಣಿಗೆ ಬಿದ್ದದ್ದೂ ಪುಣೆಯಲ್ಲೇ. ಇನ್ನು ಗ್ಲಿರಿಸಿಡಿಯ, ನಮ್ಮ ಕಡೆ ಗೊಬ್ಬರದ ಗಿಡ ಎನ್ನುತ್ತೇವಲ್ಲ, ಅದು. ಬೇಗ ಬೆಳೆಯುತ್ತದೆ ಎಂದು ಟೇಕಡಿಗಳ ತುಂಬ ನೆಟ್ಟರು. ಫೆಬ್ರವರಿಯ ತಿಳಿಗುಲಾಬಿ ಹೂವಿನ ಫೋಟೊ ಚೆನ್ನಾಗಿಯೇ ಬರುತ್ತದೆ, ಆದರೆ ಅದರ ದಟ್ಟ ನೆರಳಲ್ಲಿ ಹುಲ್ಲು ಏಳುವುದಿಲ್ಲ. ಕರ್ನಾಟಕವೂ ಈ ದಾರಿ ತುಳಿದಿದೆ: ರಾಣೆಬೆನ್ನೂರಿನ ಕೃಷ್ಣಮೃಗಗಳ ಹುಲ್ಲುಗಾವಲಿನಲ್ಲಿ ನೀಲಗಿರಿ ನೆಟ್ಟದ್ದು ನಮ್ಮವರೇ. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ನಿಷೇಧಿಸಿದ್ದು 2017ರಲ್ಲಿ.

ನಡಿಗೆಯ ವಿಷಯದಲ್ಲಿ ಮಾತ್ರ ಪುಣೇಕರರು ನಮಗಿಂತ ಮುಂದೆ. ನಮ್ಮೂರಿನ ಪಾರ್ಕುಗಳಲ್ಲಿ ಬೇಲಿಯೊಳಗೆ, ಹಾಸುಗಲ್ಲಿನ ಮೇಲೆ ಸುತ್ತು ಹಾಕುವುದು ರೂಢಿ. ಇಲ್ಲಿ ಎಪ್ಪತ್ತು ದಾಟಿದ ಆಜೋಬಾಗಳೂ, ಅಂದರೆ ಅಜ್ಜಂದಿರೂ, ಕೋಲು ಹಿಡಿದು ದಿನಾ ಗುಡ್ಡ ಹತ್ತುತ್ತಾರೆ. ಹೊಸಬರು ಕೆಲವು ಸಂಗತಿ ತಿಳಿದಿರಬೇಕು. ಜಾರುವುದು ಹತ್ತುವಾಗಲ್ಲ, ಇಳಿಯುವಾಗ. ಒಣಗಿದ ಮುರುಮು ಕಾಲಡಿಯಲ್ಲಿ ಉರುಳುತ್ತದೆ. ಅಡಿಯಲ್ಲಿ ಆಳವಾದ ಗೀರುಗಳಿರುವ ಶೂ ಹಾಕಿ, ಕಡಿದಾದ ಕಡೆ ಪಾದವನ್ನು ಅಡ್ಡಕ್ಕೆ ಇಟ್ಟು ಇಳಿಯಿರಿ. ಸವೆದ ಕಾಲುದಾರಿ ಬಿಟ್ಟು ಅಡ್ಡದಾರಿ ಮಾಡಬೇಡಿ. ಹೊಸ ಗೀರು ಒಂದೆರಡು ಮಳೆಗೆ ಕೊರಕಲಾಗುತ್ತದೆ. ಮಾರ್ಚಿನಿಂದ ಮೇವರೆಗೆ ಬೆಳಿಗ್ಗೆ ಎಂಟು ಗಂಟೆಯೊಳಗೆ ಇಳಿದುಬಿಡಬೇಕು, ತಲೆಗೊಂದು ಲೀಟರ್ ನೀರು ಜೊತೆಗಿರಲಿ. ಅಕ್ಟೋಬರ್ ಕಳೆದ ಮೇಲೆ ಹುಲ್ಲಿನ ಈಟಿಬೀಜಗಳು ಉಣ್ಣೆ, ಹತ್ತಿ ಕಾಲುಚೀಲಕ್ಕೆ ಚುಚ್ಚಿಕೊಳ್ಳುತ್ತವೆ. ನುಣುಪು ಬಟ್ಟೆಯ ಪ್ಯಾಂಟು ಉದ್ದಕ್ಕಿರಲಿ. ಆ ಬೀಜದ ಬಾಲ ತೇವಕ್ಕೆ ತಾನೇ ಸುರುಳಿ ಬಿಚ್ಚಿ, ಒಣಗಿದಾಗ ಮತ್ತೆ ತಿರುಚಿಕೊಂಡು ಬೀಜವನ್ನು ಮಣ್ಣೊಳಗೆ ಕೊರೆಯುತ್ತದೆ. ಒಂದನ್ನು ಕಿತ್ತು ಅಂಗೈಯಲ್ಲಿಟ್ಟು ಹನಿ ನೀರು ಹಾಕಿದರೆ ತಿರುಗುವುದು ಕಣ್ಣಿಗೇ ಕಾಣುತ್ತದೆ. ಮಕ್ಕಳಿಗೆ ತೋರಿಸಲೇಬೇಕಾದದ್ದು.

ತಿಂಗಳ ಲೆಕ್ಕವೂ ಬೇರೆ. ಜೂನಿನ ಮೊದಲ ಮಳೆಗೆ ಕೆಂಪು ಮಖಮಲ್ಲಿನಂಥ ಮಿರಗದ ಹುಳ ಹೊರಬರುತ್ತದೆ. ವಿಜಯಪುರ, ಕಲಬುರಗಿ ಕಡೆಯವರಿಗೆ ಇದು ಹಳೆಯ ಪರಿಚಯ. ಆಗಸ್ಟ್, ಸೆಪ್ಟೆಂಬರ್ ಪುಟ್ಟ ಹೂಗಳ ಕಾಲ. ನವೆಂಬರಿನಲ್ಲಿ ಇಳಿಜಾರೆಲ್ಲ ಹೊಂಬಣ್ಣ, ಬೇಸಿಗೆಯ ಬಾಗಿಲಲ್ಲಿ ಮುತ್ತುಗ.

ಬೇಲಿಯೊಳಗಿನ ತೋಟವೇ ಬೇಕೆನ್ನುವವರಿಗೆ 39 ಎಕರೆಯ ಎಂಪ್ರೆಸ್ ಗಾರ್ಡನ್ ಇದೆ, ಜನವರಿಯಲ್ಲಿ ಅಲ್ಲೂ ಫಲಪುಷ್ಪ ಪ್ರದರ್ಶನ. ಸಿಂಹಗಡ ರಸ್ತೆಯ ಪು. ಲ. ದೇಶಪಾಂಡೆ ಉದ್ಯಾನ ಬೇರೆಯದೇ ಪಾಠ. ಜಪಾನಿನ ಓಕಾಯಾಮಾದಲ್ಲಿ 1700ರಲ್ಲಿ ಪೂರ್ತಿಯಾದ ಕೋರಾಕುಯೆನ್ ತೋಟ ಇದರ ಮಾದರಿ. ಇಲ್ಲಿರುವುದು ಹತ್ತೇ ಎಕರೆ. ದಾರಿ ಬಾಗುವಲ್ಲೆಲ್ಲ ಮುಂದಿನ ನೋಟ ಮರೆಯಾಗುವುದರಿಂದ ದೊಡ್ಡದಾಗಿ ತೋರುತ್ತದೆ. ಹೂ ಹುಡುಕದೆ ನೀರಿನ ಜೊತೆಗೆ ನಡೆಯಬೇಕು.

ಸಾತಾರದಿಂದ ಸುಮಾರು 25 ಕಿಲೋಮೀಟರ್ ದೂರದ ಕಾಸ್ ಪಠಾರ ಎನ್ನುವ ಪ್ರಸ್ಥಭೂಮಿಯಲ್ಲಿ ನಮ್ಮವರಿಗೆ ನಿರಾಸೆಯಾಗುವುದೂ ಲಾಲ್‌ಬಾಗಿನ ಕಣ್ಣಿನಿಂದಲೇ. 2012ರಲ್ಲಿ ಪಶ್ಚಿಮಘಟ್ಟದ ಜೊತೆ ವಿಶ್ವಪರಂಪರೆಯ ಪಟ್ಟಿ ಸೇರಿದ ಈ ಬಯಲಿನ ಹೂಗಳಲ್ಲಿ ಹೆಚ್ಚಿನವು ಉಗುರಿನಷ್ಟು. ಜಂಬಿಟ್ಟಿಗೆ ಬಂಡೆಯ ಮೇಲಿನ ಮಣ್ಣಿನಲ್ಲಿ ಸಾರಜನಕ ಕಡಿಮೆ, ಅದಕ್ಕೇ ಮರಾಠಿಯಲ್ಲಿ ಸೀತೆಯ ಕಣ್ಣೀರು ಎನ್ನುವ ನೇರಳೆ ಹೂವಿನ ಗಿಡ ನೀರಿನ ಸೂಕ್ಷ್ಮಜೀವಿಗಳನ್ನು ಹಿಡಿದು ತಿನ್ನುತ್ತದೆ. ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರವೊಂದು ಇಟ್ಟುಕೊಂಡು ದಾರಿಯ ಅಂಚಿನಲ್ಲೇ ಮಂಡಿಯೂರಿ ನೋಡಿ. ಒಳಗೆ ಕಾಲಿಟ್ಟರೆ ತುಳಿಯುವುದು ಮುಂದಿನ ವರ್ಷದ ಬೀಜವನ್ನು. ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ, ಆನ್‌ಲೈನಿನಲ್ಲಿ ಮೊದಲೇ ಚೀಟಿ ಮಾಡಿಸಿ, ಶನಿವಾರ ಭಾನುವಾರ ಬಿಟ್ಟು ಹೋಗಿ.

ಗಿಡ ನೆಡುವ ಆಸೆಯಿದ್ದರೆ ಸೊಸೈಟಿಯ ಅಂಗಳವಿದೆ, ಬಿಸಿಲಲ್ಲಿ ಬೇಯುವ ರಸ್ತೆಗಳಿವೆ. ಕ್ರುಂಬಿಗಲ್ ಲೆಕ್ಕ ಅಲ್ಲಿ ಸೊಗಸಾಗಿ ಕೂಡುತ್ತದೆ: ಹೊಂಗೆ, ಕಕ್ಕೆ, ಹೊಳೆದಾಸವಾಳ.