ರದ್ದಾಗಿದೆ ಎಂದು ಭಾವಿಸಲಾಗುವುದು
ಹುಬ್ಬಳ್ಳಿ ಗೋಕುಲ ರೋಡಿನ ನಮ್ಮ ಗೆಳೆಯ ಮೆಣಸಿನಕಾಯಿ ತೊಟ್ಟು ಬಿಡಿಸುವ ಮಷೀನ್ ಮಾಡಿ ಪೇಟೆಂಟ್ ತಗೊಂಡವ. ಮೊನ್ನೆ ಶೆಡ್ಡಿಗೆ ಹೋದರೆ ಲೇತ್ ಬಂದ್. ಗ್ರೀಸ್ ಮೆತ್ತಿದ ಬೆರಳಿನಿಂದ ಕ್ಯಾಲೆಂಡರಿನಲ್ಲಿ ದಿನ ಎಣಿಸುತ್ತಿದ್ದ. ಅವನ ಪೇಟೆಂಟಿಗೆ ಯಾರೋ ತಕರಾರು ಹಾಕಿದ್ದಾರೆ. "ಎರಡ ತಿಂಗಳದಾಗ ಉತ್ತರಾ ಕೊಡಲಿಲ್ಲಂದ್ರ ಪೇಟೆಂಟ್ ಹೋತಂತಲೇ!"

ಹೋತು ಅನ್ನಬಾರದು. ಪೇಟೆಂಟ್ ನಿಯಮ 58 ಬಹಳ ಸಭ್ಯ. ಉತ್ತರ ಬಾರದಿದ್ದರೆ ಪೇಟೆಂಟ್ ‘ರದ್ದಾಗಿದೆ ಎಂದು ಭಾವಿಸಲಾಗುವುದು’. ತಕರಾರು ಹಾಕುವವನಿಗೆ ಒಂದು ವರ್ಷ, ಮಾಲೀಕನಿಗೆ ಎರಡು ತಿಂಗಳು. ತಕರಾರಿನಲ್ಲಿ ಹುರುಳಿದೆಯೋ ಇಲ್ಲವೋ, ಭಾವಿಸಿದರೆ ಮುಗಿಯಿತು. ಎಂಥ ಭಾವಜೀವಿಗಳು!

ಈ ಭಾವನೆ ನಮ್ಮ ಕಡೆಗೂ ಒಂದಿಷ್ಟು ಹರಿಯಬಾರದೇ? ಮಹದಾಯಿ ನ್ಯಾಯಮಂಡಳಿ ನಮಗೆ 13.42 ಟಿಎಂಸಿ ಅಂದದ್ದು 2018ರಲ್ಲಿ, ಗೆಜೆಟ್ ಆದದ್ದು 2020ರಲ್ಲಿ. ನರಗುಂದದವರು ಧರಣಿ ಕೂತದ್ದು 2015ರಿಂದ. ದಿಲ್ಲಿಗೂ ಎರಡು ತಿಂಗಳ ಗಡುವು ಇದ್ದಿದ್ದರೆ ಕಳಸಾ-ಬಂಡೂರಿ ನೀರು ಎಂದೋ ಮಲಪ್ರಭೆಗೆ ಬಂದಿದೆ ಎಂದು ಭಾವಿಸಿ, ಭಾವಿಸಿದ ನೀರಿನಲ್ಲಿ ಜೋಳ ಬೆಳೆದು, ಭಾವಿಸಿದ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತಿದ್ದೆವು. ಅರ್ಜಿಗೆ ಉತ್ತರ ಕೊಡದ ಕಚೇರಿಯೇ ರದ್ದು ಅಂತಾದರೆ ಊರಲ್ಲಿ ಉಳಿಯುವುದು ಮಿರ್ಚಿ ಅಂಗಡಿಗಳಷ್ಟೇ.

ಇರಲಿ, ಮಷೀನಿಗೆ ಬರೋಣ. ಉತ್ತರವನ್ನು ಪುರಾವೆ ಸಮೇತ ಪೇಟೆಂಟ್ ಕಚೇರಿಗೆ ಸಲ್ಲಿಸಿ, ಒಂದು ಪ್ರತಿಯನ್ನು ತಕರಾರುದಾರನಿಗೆ ತಾನೇ ತಲುಪಿಸಬೇಕು. ಅದಕ್ಕೆ ಮರುಪುರಾವೆ ಕೊಡಲು ಅವನಿಗೆ ಒಂದು ತಿಂಗಳು. ತಕರಾರು ಪರಿಶೀಲಿಸುವ ಮೂವರ ಮಂಡಳಿಗೆ ಶಿಫಾರಸಿಗೆ ಎರಡು ತಿಂಗಳು. ತೀರ್ಪು ಕೊಡುವ ಕಂಟ್ರೋಲರ್ ಸಾಹೇಬರಿಗೆ? ನಿಯಮ 62ರಲ್ಲಿ ಗಡುವೇ ಇಲ್ಲ. ಅವರು ತಡ ಮಾಡಿದರೆ ನಾವೇನೂ ಭಾವಿಸುವಂತಿಲ್ಲ. 20 ವರ್ಷದ ಅವಧಿ ಮಾತ್ರ ಅರ್ಜಿ ಹಾಕಿದ ದಿನದಿಂದಲೇ ಕರಗುತ್ತಿರುತ್ತದೆ. ನವೀಕರಣ ಶುಲ್ಕವನ್ನು ಕಟ್ಟಿದ್ದೇನೆಂದು ಭಾವಿಸಿರಿ ಅಂದರೆ ನಡೆಯುವುದಿಲ್ಲ.

ದೊಡ್ಡ ಕಂಪನಿಗೆ ಇದೆಲ್ಲ ಮಾಮೂಲು, ಕಾಗದ ನೋಡಲೆಂದೇ ವಕೀಲರಿರುತ್ತಾರೆ. ಒಬ್ಬನೇ ಲೇತ್ ಮುಂದೆ ನಿಲ್ಲುವವ ಒಂದು ಮೇಲ್ ನೋಡದಿದ್ದರೆ ಆರೇಳು ವರ್ಷದ ಕೆಲಸ ವಾದವೇ ಇಲ್ಲದೆ ಸಾಯುತ್ತದೆ. ಇದಕ್ಕೆ ನಿಯಮ ಅಂತೀರಾ? ಫಾರ್ಮ್ 4 ಹಾಕಿ ದುಡ್ಡು ಕಟ್ಟಿದರೆ ಗಡುವು ಹಿಗ್ಗಿಸಲು ಕೇಳಬಹುದಂತೆ. ಅಂದರೆ ಭಾವನೆಗೂ ರೇಟಿದೆ.

ಗೆಳೆಯನ ಬೆರಳು ಇನ್ನೂ ಕ್ಯಾಲೆಂಡರ್ ಮೇಲೇ ಇತ್ತು. ಮೇಲ್ ಬಂದು ಹತ್ತೊಂಬತ್ತು ದಿನವಾದ ಮೇಲೆ ಮಗಳು ನೋಡಿ ಹೇಳಿದ್ದು.

"ಐತವಾರನೂ ಎಣಸ್ತಾರೇನಲೇ?" ಅಂದ.

ಎಣಿಸುತ್ತಾರೆ.