ಇಂಟರ್ವ್ಯೂನಲ್ಲಿ ಕೇಳಬಾರದ ಪ್ರಶ್ನೆ

ಇಂಗ್ಲೆಂಡಿಗೆ ಬಂದ ಮೂರನೇ ವರ್ಷ ಇರ್ಬೇಕು, ಆಫೀಸಲ್ಲಿ ಮೊದಲನೇ ಸಲ ನನ್ನನ್ನ ಇಂಟರ್ವ್ಯೂ ಪ್ಯಾನೆಲ್‌ಗೆ ಹಾಕಿದ್ರು. ಎದುರಿಗೆ ಕೂತಿದ್ದವರು ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು, ಮಧ್ಯೆ ಎರಡು ವರ್ಷ ಕೆಲಸ ಬಿಟ್ಟಿದ್ದು ಸಿವಿಯಲ್ಲಿ ಕಾಣ್ತಿತ್ತು. ಊರಲ್ಲಿ ಹತ್ತಾರು ಇಂಟರ್ವ್ಯೂ ಮಾಡಿದ್ದ ಅಭ್ಯಾಸ ನೋಡಿ, ಕೆಟ್ಟ ಉದ್ದೇಶ ಏನೂ ಇಲ್ದೆ, ಮಗು ಇನ್ನೂ ಚಿಕ್ಕದಾ, ಮನೇಲಿ ನೋಡ್ಕೊಳ್ಳೋರು ಇದಾರಾ ಅಂತ ಕೇಳೋಕೆ ಹೊರಟೆ. ಮಾತು ಅರ್ಧ ಆಗಿತ್ತು ಅಷ್ಟೇ, ಪ್ಯಾನೆಲ್ ನಡೆಸ್ತಿದ್ದವರು ನನ್ನ ತಡೆದು, ಇದಕ್ಕೆ ನೀವು ಉತ್ತರ ಕೊಡಬೇಕಾಗಿಲ್ಲ ಅಂತ ಆಕೆಗೆ ಹೇಳಿ ಮುಂದಿನ ಪ್ರಶ್ನೆಗೆ ಹೋಗ್ಬಿಟ್ರು. ಎಲ್ಲ ಮುಗಿದ್ಮೇಲೆ ನನ್ನ ಪಕ್ಕಕ್ಕೆ ಕರೆದು ಕೇಳಿದ್ದು ಒಂದೇ ಮಾತು: "ಬೆಳಿಗ್ಗೆ ಬಂದಿದ್ದ ಗಂಡಸರಿಗೆ ಇದನ್ನ ಕೇಳಿದ್ರಾ?"

ಕೇಳಿರಲಿಲ್ಲ. ಅವರಲ್ಲೊಬ್ರು ತಮಗೆ ಇಬ್ರು ಚಿಕ್ಕ ಮಕ್ಕಳು, ರಾತ್ರಿ ನಿದ್ದೆನೇ ಇಲ್ಲ ಅಂತ ತಾವಾಗೇ ಹೇಳಿದ್ರು, ನಾವೆಲ್ಲ ನಕ್ಕು ಮುಂದಕ್ಕೆ ಹೋಗಿದ್ವಿ. ಇವರು ಕೆಲಸಕ್ಕೆ ಸರಿಯಾಗಿ ಬರ್ತಾರೋ ಇಲ್ವೋ ಅನ್ನೋ ಅನುಮಾನ ಅಲ್ಲಿದ್ದ ಒಬ್ಬರ ತಲೆಗೂ ಬಂದಿರಲಿಲ್ಲ.

ಆವತ್ತಿಂದ ನನ್ನ ತಲೇಲಿ ಒಂದು ಯೋಚನೆ ಕೂತಿದೆ. ನಮ್ಮ ಕಡೆ ಆಫೀಸಲ್ಲಿ ಭೇದಭಾವ ಅಂದ ತಕ್ಷಣ ಅದು ಮನಸ್ಸಿನ ವಿಷಯ ಅಂದ್ಕೋತೀವಿ, ನಾವು ಒಳ್ಳೆಯವರಾದ್ರೆ ಸಾಕು ಅಂತ. ನಮ್ಮ ಕಂಪನೀಲಿ ಅದೆಲ್ಲ ಇಲ್ಲಪ್ಪ, ಎಲ್ರೂ ಒಂದೇ ಕುಟುಂಬ ಇದ್ದ ಹಾಗೆ ಅನ್ನೋ ಮಾತನ್ನ ಎಷ್ಟು ಸಲ ಕೇಳಿದೀನೋ, ನಾನೇ ಎಷ್ಟು ಸಲ ಹೇಳಿದೀನೋ ಲೆಕ್ಕ ಇಲ್ಲ. ಇಲ್ಲಿ ಜನ ನಮಗಿಂತ ಒಳ್ಳೆಯವರೇನಲ್ಲ, ಆದ್ರೆ ಆ ಒಳ್ಳೆತನವನ್ನ ನಂಬ್ಕೊಂಡು ಕೂತಿಲ್ಲ, ಕಾಗದದ ಮೇಲೆ ಇಳಿಸಿದಾರೆ. ಬಂದವರಿಗೆಲ್ಲ ಅದೇ ಆರು ಪ್ರಶ್ನೆ, ಅದೇ ಕ್ರಮದಲ್ಲಿ. ಪ್ಯಾನೆಲ್‌ನಲ್ಲಿರೋರು ಒಬ್ಬರ ಜೊತೆ ಒಬ್ರು ಮಾತಾಡೋ ಮುಂಚೆ ಅವರವರ ಹಾಳೆಯಲ್ಲಿ ಅಂಕ ಬರೀಬೇಕು, ಯಾಕೆ ಅಷ್ಟು ಕೊಟ್ಟೆ ಅಂತ ಕಾರಣನೂ ಬರೀಬೇಕು. "ನಮ್ಮ ಟೀಮಿಗೆ ಸೆಟ್ ಆಗಲ್ಲ ಅನ್ಸುತ್ತೆ" ಅಂತ ಬರೆದ್ರೆ ನಡಿಯಲ್ಲ, ಏನು ಕೇಳಿದ್ರಿ, ಅವರು ಏನು ಹೇಳಿದ್ರು, ಅದನ್ನ ಬರೀರಿ ಅಂತಾರೆ. ಸಿವಿಗೆ ಫೋಟೋ, ಹುಟ್ಟಿದ ದಿನ, ಮದುವೆ ಆಗಿದ್ಯೋ ಇಲ್ವೋ ಯಾವುದೂ ಹಾಕೋ ರೂಢಿ ಇಲ್ಲ.

ಇದೆಲ್ಲ ಸುಮ್ನೆ ಬಂದಿದ್ದಲ್ಲ. ಇಲ್ಲಿ 2010ರ ಈಕ್ವಾಲಿಟಿ ಆಕ್ಟ್ ಅಂತ ಒಂದು ಕಾನೂನಿದೆ. ವಯಸ್ಸು, ಅಂಗವೈಕಲ್ಯ, ಲಿಂಗ ಬದಲಾವಣೆ, ಮದುವೆ, ಬಸಿರು ಬಾಣಂತನ, ಜನಾಂಗ, ಧರ್ಮ ಅಥವಾ ನಂಬಿಕೆ, ಹೆಣ್ಣು ಗಂಡು ಅನ್ನೋದು, ಲೈಂಗಿಕ ಒಲವು, ಹೀಗೆ ಒಂಬತ್ತು ವಿಷಯದಲ್ಲಿ ಭೇದ ಮಾಡಿದ್ರೆ ತಪ್ಪು, ಸರ್ಕಾರಿ ಕೆಲಸ ಆದ್ರೂ ಸರಿ ಖಾಸಗಿ ಆದ್ರೂ ಸರಿ. ನನಗೆ ತುಂಬಾ ಮುಖ್ಯ ಅನ್ಸಿದ್ದು ಇನ್ನೊಂದು ಅಂಶ. ದೂರು ಕೊಟ್ಟವರು ಭೇದ ನಡೆದಿರಬಹುದು ಅಂತ ಅನ್ನಿಸೋವಷ್ಟು ಸಂಗತಿ ತೋರಿಸಿದ್ರೆ, ಆಮೇಲೆ ನಾವು ಹಾಗೆ ಮಾಡಿಲ್ಲ ಅಂತ ಸಾಬೀತು ಮಾಡೋ ಹೊಣೆ ಕಂಪನಿ ಮೇಲೆ ಬೀಳುತ್ತೆ. ಆ ಅಂಕದ ಹಾಳೆಗೆ ಬೆಲೆ ಬಂದಿದ್ದೇ ಇದರಿಂದ.

ನಮ್ಮ ದೇಶದಲ್ಲಿ ಕಾನೂನೇ ಇಲ್ಲ ಅಂತ ನಾನು ಹೇಳ್ತಿಲ್ಲ. ಸಂವಿಧಾನದ 16ನೇ ವಿಧಿ ಇದೆ, ಆದ್ರೆ ಅದು ಸರ್ಕಾರಿ ಹುದ್ದೆಗಳಿಗೆ. ಸಮಾನ ವೇತನದ ಕಾಯ್ದೆ 1976ರಲ್ಲೇ ಬಂತು. ಲೈಂಗಿಕ ಕಿರುಕುಳ ತಡೆಯೋಕೆ 2013ರ ಕಾಯ್ದೆ ಇದೆ, ಹತ್ತು ಜನ ಅಥವಾ ಜಾಸ್ತಿ ಇರೋ ಕಡೆ ಆಂತರಿಕ ಸಮಿತಿ ಇರಲೇಬೇಕು, ಅದಕ್ಕೆ ಹಿರಿಯ ಮಹಿಳಾ ಉದ್ಯೋಗಿನೇ ಅಧ್ಯಕ್ಷೆ, ಹೊರಗಿನವರು ಒಬ್ರು ಸದಸ್ಯರು. ಈ ಸಮಿತಿ ವಿಷಯದಲ್ಲಿ ನಮ್ಮ ಕಾನೂನು ಇಲ್ಲಿಗಿಂತ ಗಟ್ಟಿ ಅಂತಾನೇ ನನ್ನ ಅಭಿಪ್ರಾಯ. ಆದ್ರೆ ಒಂದು ಖಾಸಗಿ ಕಂಪನಿ ಜಾತಿ ನೋಡಿ, ಧರ್ಮ ನೋಡಿ, ವಯಸ್ಸು ನೋಡಿ ಕೆಲಸ ಕೊಡದೆ ಇದ್ರೆ, ಇದು ತಪ್ಪು ಅಂತ ನೇರವಾಗಿ ಹೇಳೋ ಒಂದು ಸಮಗ್ರ ಕಾನೂನು ನಮ್ಮಲ್ಲಿಲ್ಲ. ನಿಮ್ಮ ಪೂರ್ತಿ ಹೆಸರೇನು, ಯಾವ ಕಡೆಯವರು, ತಂದೆ ಏನು ಮಾಡ್ತಾರೆ, ಈ ಮೂರು ಪ್ರಶ್ನೆ ಕೇಳಿದ್ರೆ ಮುಗೀತು, ಯಾರಿಗೆ ಏನು ಗೊತ್ತಾಗಬೇಕೋ ಅದು ಗೊತ್ತಾಗಿರುತ್ತೆ.

ಹೆರಿಗೆ ರಜೆದೂ ಹೀಗೇ. 2017ರಲ್ಲಿ ನಮ್ಮಲ್ಲಿ 26 ವಾರಕ್ಕೆ ಏರಿಸಿದ್ರು, ನಿಜಕ್ಕೂ ದೊಡ್ಡ ಹೆಜ್ಜೆ. ಆದ್ರೆ ಇಎಸ್‌ಐ ಅನ್ನೋ ಸರ್ಕಾರಿ ಕಾರ್ಮಿಕ ವಿಮೆಯ ವ್ಯಾಪ್ತಿಗೆ ಬರದೇ ಇರೋರಿಗೆ ಆ ಸಂಬಳ ಪೂರ್ತಿ ಕಂಪನಿ ಜೇಬಿಂದಾನೇ ಹೋಗ್ಬೇಕು. ಇಲ್ಲಿ ಶಾಸನಬದ್ಧ ಹೆರಿಗೆ ವೇತನ 39 ವಾರ, ಮೊದಲ ಆರು ವಾರ ಬಿಟ್ರೆ ಸಿಗೋ ದುಡ್ಡು ಕಮ್ಮಿನೇ, ಆದ್ರೆ ಕಂಪನಿ ಕೊಟ್ಟಿದ್ರಲ್ಲಿ ಕನಿಷ್ಠ 92 ಪರ್ಸೆಂಟ್ ಸರ್ಕಾರದಿಂದ ವಾಪಸ್ ಬರುತ್ತೆ, ಸಣ್ಣ ಕಂಪನಿಗಂತೂ ಕೊಟ್ಟಿದ್ದಕ್ಕಿಂತ ಜಾಸ್ತಿನೇ ಸಿಗುತ್ತೆ. ಹೊಸದಾಗಿ ಮದುವೆ ಆದ ಹುಡುಗಿನ ಕೆಲಸಕ್ಕೆ ತಗೊಳ್ಳೋಕೆ ನಮ್ಮ ಕಡೆ ಸಣ್ಣ ಕಂಪನಿ ಮಾಲೀಕ ಹಿಂದೆಮುಂದೆ ನೋಡ್ತಾನಲ್ಲ, ಅವನ ಮನಸ್ಸಿಗೆ ಎಷ್ಟು ಬುದ್ಧಿ ಹೇಳಿದ್ರೂ ಈ ಲೆಕ್ಕ ಸರಿ ಮಾಡದೆ ಅದು ನಿಲ್ಲಲ್ಲ.

ನಮ್ಮ ಟೀಮಲ್ಲಿ ಒಬ್ರಿಗೆ ಕಿವಿ ತುಂಬಾ ಕಮ್ಮಿ ಕೇಳುತ್ತೆ, ತುಟಿ ನೋಡಿ ಮಾತು ಹಿಡೀತಾರೆ. ಅವರು ಸೇರಿದ ವಾರ ಮ್ಯಾನೇಜರ್ ಬಂದು ಮೀಟಿಂಗ್ ರೂಮಿನ ಕುರ್ಚಿಗಳನ್ನ ತಿರುಗಿಸಿದ್ರು. ಮಾತಾಡೋರು ಕಿಟಕಿಗೆ ಬೆನ್ನು ಹಾಕಿ ಕೂತ್ರೆ ಮುಖದ ಮೇಲೆ ನೆರಳು ಬಿದ್ದು ತುಟಿ ಕಾಣಲ್ಲ ಅಂತ. ಒಬ್ರು ಮಾತಾಡುವಾಗ ಇನ್ನೊಬ್ರು ಬಾಯಿ ಹಾಕಬಾರದು, ಬೋರ್ಡ್ ಕಡೆ ತಿರುಗಿ ಮಾತಾಡಬಾರದು, ಇಷ್ಟೇ. ಇಂಥ ಸೂಕ್ತ ಹೊಂದಾಣಿಕೆ ಮಾಡಿಕೊಡೋದು ಇಲ್ಲಿ ಕಂಪನಿಯ ಕರ್ತವ್ಯ, ಅದರ ಖರ್ಚನ್ನ ಅವರಿಂದ ವಸೂಲಿ ಮಾಡೋ ಹಾಗಿಲ್ಲ. ಇದನ್ನ ನೋಡ್ತಾ ನನಗೆ ಹಳೇ ಆಫೀಸಿನ ಒಬ್ಬ ಹುಡುಗಿ ನೆನಪಾದ್ಲು. ಕಿವಿಯ ಮಿಷನ್ ಕಾಣಬಾರದು ಅಂತ ದಿನಾ ಕೂದಲು ಬಿಟ್ಕೊಂಡು ಬರ್ತಿದ್ಲು. ಕನ್ಫರ್ಮೇಶನ್ ಲೆಟರ್ ಕೈಗೆ ಸಿಕ್ಕಿದ ಮಾರನೇ ದಿನ ಜಡೆ ಹಾಕ್ಕೊಂಡು ಬಂದ್ಲು. ಒಂದು ವರ್ಷ ಅವಳ ಪಕ್ಕದಲ್ಲೇ ಕೂತಿದ್ದೆ ನಾನು, ಕರೆದ್ರೆ ತಿರುಗಲ್ಲ, ಜಂಬ ಅಂದ್ಕೊಂಡಿದ್ದೆ.

ಇಂಗ್ಲೆಂಡನ್ನ ಹೊಗಳೋಕೆ ಇದನ್ನ ಬರೀತಿಲ್ಲ. ಇಲ್ಲಿ ಬ್ರಿಸ್ಟಲ್‌ನ ಬಸ್ ಕಂಪನಿ ಕಪ್ಪು ಜನರನ್ನ, ಏಷ್ಯಾದವರನ್ನ ಕಂಡಕ್ಟರ್, ಡ್ರೈವರ್ ಕೆಲಸಕ್ಕೆ ತಗೊಳ್ಳಲ್ಲ ಅಂತ ಬಹಿರಂಗವಾಗೇ ಹೇಳಿತ್ತು, 1963ರಲ್ಲಿ ಜನ ತಿಂಗಳುಗಟ್ಟಲೆ ಬಸ್ ಹತ್ತದೆ ಬಹಿಷ್ಕಾರ ಮಾಡಿದ್ಮೇಲೆ ಬಗ್ಗಿದ್ದು, ಆಮೇಲೆ ಬಿಳಿಯರಲ್ಲದ ಮೊದಲ ಕಂಡಕ್ಟರ್ ಆಗಿದ್ದು ರಘಬೀರ್ ಸಿಂಗ್ ಅನ್ನೋ ಸಿಖ್ಖರು. ಜನಾಂಗ ಭೇದದ ವಿರುದ್ಧ 1965ರಲ್ಲಿ ಬಂದ ಮೊದಲ ಕಾನೂನಲ್ಲಿ ಉದ್ಯೋಗದ ಮಾತೇ ಇರಲಿಲ್ಲ, ಅದು ಸೇರಿದ್ದು 1968ರಲ್ಲಿ. ಜಾತಿ ವಿಷಯಕ್ಕೆ ಬಂದ್ರೆ ಇವತ್ತಿಗೂ ಆ ಒಂಬತ್ತರ ಪಟ್ಟೀಲಿ ಅದಿಲ್ಲ, ಸೇರಿಸ್ಬೇಕು ಅಂತ 2013ರಲ್ಲಿ ಪಾರ್ಲಿಮೆಂಟ್ ಹೇಳಿದ್ರೂ 2018ರಲ್ಲಿ ಸರ್ಕಾರ ಬೇಡ, ಕೋರ್ಟ್ ತೀರ್ಪುಗಳೇ ಸಾಕು ಅಂತು.

ಈ ಜಾತಿ ವಿಷಯದಲ್ಲಿ ತಪ್ಪು ಮಾಡ್ತಿರೋರು ನಾವೇ. ಹೊಸದಾಗಿ ಸೇರಿದ ಒಬ್ಬ ಹುಡುಗನಿಗೆ ನಮ್ಮವರೇ ಒಬ್ರು ಕಾಫಿ ಮೆಷಿನ್ ಹತ್ರ ನಿಂತು ಯಾವ ಕಡೆಯವರಪ್ಪ ಅಂತ ಕೇಳಿದ್ರು, ಅವನು ಜಿಲ್ಲೆ ಹೆಸರು ಹೇಳಿದ, ಅದಲ್ಲಪ್ಪ ಅಂತ ಮತ್ತೆ ಕೇಳಿದ್ರು. ಪಕ್ಕದಲ್ಲಿದ್ದ ಇಂಗ್ಲಿಷ್ ಮ್ಯಾನೇಜರ್‌ಗೆ ಕನ್ನಡ ಬರಲ್ಲ, ಬಂದಿದ್ರೂ ಆ ಎರಡನೇ ಪ್ರಶ್ನೆಯ ಅರ್ಥ ಹೊಳೀತಿರಲಿಲ್ಲ. ಆ ಹುಡುಗನ ಮುಖ ನೋಡಿದ ನನಗೆ ಹೊಳೀತು. ಯಾವ ಅಂಕದ ಹಾಳೆನೂ ಅಲ್ಲಿ ಕೆಲಸಕ್ಕೆ ಬರಲ್ಲ, ಗೊತ್ತಿರೋರೇ ಬಾಯಿ ಬಿಡಬೇಕು. ಅದನ್ನ ಯಾಕೆ ಕೇಳ್ತೀರಿ ಸರ್ ಅಂದೆ. ಅವರು ಅವತ್ತಿಂದ ನನ್ನ ಜೊತೆ ಕೆಲಸದ ಮಾತು ಬಿಟ್ರೆ ಬೇರೆ ಮಾತಾಡಿಲ್ಲ.

ಹೋದ ತಿಂಗಳು ಕರ್ನಾಟಕದಲ್ಲಿ ಒಂದು ಕಂಪನಿಯ ಎಚ್‌ಆರ್‌ನಲ್ಲಿರೋ ಗೆಳತಿ ಫೋನ್ ಮಾಡಿದ್ಲು, ನಮ್ಮಲ್ಲಿ ಬಳಸೋ ಅಂಕದ ಹಾಳೆಯ ನಮೂನೆ ಕಳಿಸು ಅಂತ. ಗುಟ್ಟಿನದ್ದೇನೂ ಇಲ್ದಿರೋ ಹಾಗೆ ನಾನೇ ಒಂದು ಬರೆದು ಕಳಿಸ್ದೆ. ವಾರ ಬಿಟ್ಟು ಮೆಸೇಜ್ ಬಂತು. ಅರ್ಜಿ ಫಾರಂನಿಂದ ಮದುವೆಯ ಕಾಲಂ ತೆಗೆಸಿದಾಳೆ, ತಂದೆಯ ಉದ್ಯೋಗದ ಕಾಲಂ ಮೊದಲಿಂದ ಇದೆ, ಇರ್ಲಿ ಬಿಡಿ ಅಂದ್ರಂತೆ ಮೇಲಿನವರು. ಅದು ಯಾಕೆ ಬೇಕು ಅಂತ ಬರವಣಿಗೆಯಲ್ಲಿ ಕೇಳು ಅಂದಿದೀನಿ.