ಮೂಲೆ ಹಿಡಿದು ಎಳೆದು ನೋಡಿ
ನಾನು ಮಂಡ್ಯದವನು, ಹನ್ನೊಂದು ವರ್ಷದಿಂದ ಕೊಚ್ಚಿಯಲ್ಲಿದ್ದೇನೆ. ಕೇರಳದಲ್ಲಿ 2001ರಲ್ಲೇ ಐಟಿ ಅಟ್ ಸ್ಕೂಲ್ ಅಂತ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಸರ್ಕಾರಿ ಯೋಜನೆ ಶುರುವಾಗಿ, ಈಗ ಹೈಸ್ಕೂಲ್ ಮಕ್ಕಳ ಐಟಿ ಪುಸ್ತಕದಲ್ಲೇ ಜಿಯೋಜೀಬ್ರಾ (ಪರದೆ ಮೇಲೆ ರೇಖಾಗಣಿತದ ಚಿತ್ರ ಬರೆಯುವ ಸಾಫ್ಟ್‌ವೇರ್) ಪಾಠ ಇದೆ, ಎಸ್ಸೆಸ್ಸೆಲ್ಸಿಗೆ ಐಟಿ ಪ್ರಾಕ್ಟಿಕಲ್ ಪರೀಕ್ಷೆಯೂ ಇದೆ. ಪಕ್ಕದ ಮನೆ ಹುಡುಗಿ ಮೌಸ್ ಹಿಡಿದು ಸರಸರ ವೃತ್ತ ಎಳೆಯುವಾಗ ನಮ್ಮೂರ ಶಾಲೆ ನೆನಪಾಗಿ ಸ್ವಲ್ಪ ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಓಣಂ ರಜೆಗೆ ಊರಿಗೆ ಹೋದೆ. ಅಲ್ಲಿ ರಜೆ ಇಲ್ಲವಲ್ಲ, ಶಾಲೆ ನಡೆಯುತ್ತಿತ್ತು. ಭಾವ ಮದ್ದೂರು ಕಡೆ ಗಣಿತದ ಮೇಷ್ಟ್ರು. "ಅಲ್ಲ ಕಣಯ್ಯಾ, ನಲವತ್ತು ಮಕ್ಕಳಿಗೆ ಆನ್ ಆಗೋದು ಮೂರೇ ಕಂಪ್ಯೂಟರ್. ನೀನೇ ಬಂದು ಒಂದು ಪೀರಿಯಡ್ ಮಾಡು" ಅಂದರು. ಲ್ಯಾಪ್‌ಟಾಪ್ ಹಿಡಿದು ಹೋದೆ.

ಜಿಯೋಜೀಬ್ರಾ ತೆರೆದು, ಒಂದು ಚೌಕ ಬರೀರಿ ಅಂದೆ. ಒಬ್ಬ ಹುಡುಗ ನಾಲ್ಕು ಚುಕ್ಕೆ ಇಟ್ಟು, ಕಣ್ಣಳತೆಯಲ್ಲೇ ಸರಿಮಾಡಿ, ಗೆರೆ ಸೇರಿಸಿದ. ನೋಡೋಕೆ ಪಕ್ಕಾ ಚೌಕ. ಭಾವ ಹಿಂದಿನಿಂದ, "ಒಂದು ಮೂಲೆ ಹಿಡಿದು ಎಳಿ ಮಗ" ಅಂದರು. ಎಳೆದ. ಚೌಕ ಸೊಟ್ಟಗಾಗಿ ಹರಿದ ಗಾಳಿಪಟದ ಹಾಗಾಯಿತು, ಕ್ಲಾಸೆಲ್ಲ ನಗು. ಆಮೇಲೆ ಒಬ್ಬಳು ಮೊದಲು ಒಂದು ಗೆರೆ, ಅದರ ಎರಡು ತುದಿಗೂ ಲಂಬ, ಕೈವಾರದಲ್ಲಿ ಮಾಡುವ ಹಾಗೇ ವೃತ್ತ ಎಳೆದು ಉದ್ದ ಹಿಡಿದಳು. ಅವಳದ್ದನ್ನು ಎಳೆದರೆ ದೊಡ್ಡದಾಯಿತು, ಚಿಕ್ಕದಾಯಿತು, ವಾಲಿತು, ಚೌಕ ಮಾತ್ರ ಚೌಕವೇ. ಕಾಗದದ ಮೇಲೆ ಇದು ಆಗಲ್ಲ ಅಲ್ವಾ?

ತ್ರಿಭುಜದ ಕೋನ ಅಳೆದಾಗ 61.33, 58.33, 60.33 ಬಂತು. ಕೂಡಿದರೆ 179.99. "ಸಾರ್, 0.01 ಎಲ್ಲಿ ಹೋಯ್ತು?" ಪರದೆ ಎರಡೇ ದಶಮಾಂಶ ತೋರಿಸುತ್ತದೆ, ಉಳಿದದ್ದು ಒಳಗಿದೆ ಅಂತ ಹೇಳಿದೆ. ಭಾವ ಅಷ್ಟಕ್ಕೆ ಬಿಡಲಿಲ್ಲ, ಹಾಗಾದರೆ 180 ಅನ್ನೋದನ್ನ ಅಳೆಯದೆ ತೋರಿಸಿ ಅಂತ ಒಂದು ಮೂಲೆಯಿಂದ ಎದುರು ಬದಿಗೆ ಸಮಾಂತರ ರೇಖೆ ಎಳೆಸಿದರು, ಮೂರೂ ಕೋನ ಅಲ್ಲಿ ಸೇರಿ ನೇರ ಗೆರೆಯಾಗುತ್ತದಲ್ಲ.

ಕೊಚ್ಚಿಗೆ ಬಂದು ಪಕ್ಕದ ಮನೆ ಹುಡುಗಿಗೂ ಚೌಕ ಬರಿ ಅಂದೆ. ರೆಗ್ಯುಲರ್ ಪಾಲಿಗನ್ (ಎಲ್ಲ ಬದಿ, ಎಲ್ಲ ಕೋನ ಸಮ ಇರುವ ಆಕೃತಿ) ಬಟನ್ ಒತ್ತಿ, 4 ಅಂತ ಹೊಡೆದಳು, ಮುಗಿಯಿತು. ಇದು ಚೌಕವೇ ಅಂತ ಹೇಗೆ ಗೊತ್ತು ಅಂದರೆ, "ಆ ಟೂಲ್ ಒತ್ತಿದರೆ ಅದೇ ಬರೋದು ಅಂಕಲ್." ಕೇರಳದಲ್ಲೆಲ್ಲ ಹೀಗೇ ಅನ್ನುತ್ತಿಲ್ಲ, ನಾನು ನೋಡಿದ್ದು ಒಂದೇ ಮನೆ. ಆದರೂ ಪರೀಕ್ಷೆಗೆ ಬಟನ್ ಬಾಯಿಪಾಠ ಮಾಡಿಸಿದರೆ ಕಂಪ್ಯೂಟರ್ ಎಷ್ಟಿದ್ದು ಏನು?

ಯಾವ ಸಾಫ್ಟ್‌ವೇರ್ ಒಳ್ಳೆಯದು ಅಂತ ಕೇಳುತ್ತಾರೆ. ಎಳೆದು ನೋಡುವ ಆಟ 1991ರ ಜಿಯೋಮೀಟರ್ಸ್ ಸ್ಕೆಚ್‌ಪ್ಯಾಡ್‌ನಲ್ಲೂ ಇತ್ತು, ದುಡ್ಡು ಕೊಟ್ಟು ಕೊಳ್ಳಬೇಕಿತ್ತು. ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ಹುಟ್ಟಿದ ಜಿಯೋಜೀಬ್ರಾ ಶಾಲೆಗೆ ಪುಕ್ಕಟೆ, ಅದರ ಕ್ಲಾಸಿಕ್ 5 ಅನ್ನೋ ಆವೃತ್ತಿ ಕಂಪ್ಯೂಟರಿಗೆ ಹಾಕಿಕೊಂಡರೆ ಇಂಟರ್ನೆಟ್ಟೂ ಬೇಡ. ನನಗೆ ಇಷ್ಟವಾದದ್ದು ಮಾತ್ರ ಇನ್ನೊಂದು: ಬೇಡದ ಟೂಲನ್ನು ಮೇಷ್ಟ್ರೇ ತೆಗೆದುಹಾಕಬಹುದು.

ಹೋದ ವಾರ ಭಾವ ಅದನ್ನೇ ಕೇಳೋಕೆ ಫೋನ್ ಮಾಡಿದ್ದರು. ಹೇಳಿಕೊಟ್ಟೆ. ಪಕ್ಕದ ಮನೆ ಲ್ಯಾಪ್‌ಟಾಪಿನಲ್ಲೂ ಆ ಪಾಲಿಗನ್ ಬಟನ್ ತೆಗೆದಿದ್ದೇನೆ, ಪರೀಕ್ಷೆಗೆ ಮುಂಚೆ ವಾಪಸ್ ಹಾಕಬೇಕು, ಇಲ್ಲಾಂದ್ರೆ ಅವರಮ್ಮ ನನ್ನ ಬಿಡಲ್ಲ.